ಹಾಕಿಸಿಕೊಳ್ಳದವರೆಲ್ಲ ಬೇಡವೆಂದವರಲ್ಲ: ಎಚ್‌ಪಿವಿ ಲಸಿಕೆಯ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಲಸಿಕೆ ಕಾರ್ಯಕ್ರಮ ನಡೆಸುವ ಆರೋಗ್ಯಾಧಿಕಾರಿಗಳಿಗೆ, ಶಾಲಾ ಮುಖ್ಯಸ್ಥರಿಗೆ, ಹದಿಹರೆಯದ ಮಕ್ಕಳಿರುವ ಮನೆಯವರಿಗೆ,

ಮಾನ್ಯರೇ,

ಶಾಲೆಯಲ್ಲಿ ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕುವ ದಿನ ಮುಗಿದು, ತಂಡ ಪೆಟ್ಟಿಗೆ ಕಟ್ಟಿಕೊಂಡು ಹೊರಟ ಮೇಲೆ ಒಂದು ಪಟ್ಟಿ ಉಳಿಯುತ್ತದೆ. ಕೆಲವು ಹೆಸರುಗಳ ಮುಂದೆ ಸರಿ ಗುರುತು ಬಿದ್ದಿರುತ್ತದೆ. ಕೆಲವದರ ಮುಂದೆ ಏನೂ ಇರುವುದಿಲ್ಲ. ವರದಿ ಬರೆಯುವಾಗ ಏನೂ ಇಲ್ಲದವರನ್ನೆಲ್ಲ ಕೂಡಿಸಿ ‘ಪಡೆಯದವರು’ ಎಂದು ಒಂದೇ ಸಂಖ್ಯೆ ಬರೆಯುತ್ತಾರೆ. ಅದು ಮೇಲಿನ ಕಚೇರಿ ತಲುಪುವಷ್ಟರಲ್ಲಿ ‘ನಿರಾಕರಿಸಿದವರು’ ಆಗಿರುತ್ತದೆ. ಮರುವರ್ಷದ ಯೋಜನೆಯೂ ಆ ಒಂದು ಪದದ ಮೇಲೆಯೇ ನಿಲ್ಲುತ್ತದೆ: ಜನರಲ್ಲಿ ತಿಳಿವಳಿಕೆ ಸಾಲದು, ಇನ್ನಷ್ಟು ಭಿತ್ತಿಪತ್ರ ಅಂಟಿಸಿ, ಇನ್ನೊಂದು ಭಾಷಣ ಇಡಿಸಿ.

ಆ ಪಟ್ಟಿಯನ್ನು ಒಮ್ಮೆ ಹತ್ತಿರದಿಂದ ನೋಡಿ ಎಂದು ಕೇಳಲು ಈ ಪತ್ರ. ಉದಾಹರಣೆಗೆ 40 ಮಕ್ಕಳ ಒಂದು ತರಗತಿ ಎಂದಿಟ್ಟುಕೊಳ್ಳಿ. 29 ಮಕ್ಕಳಿಗೆ ಲಸಿಕೆ ಆಯಿತು, 11 ಮಕ್ಕಳಿಗೆ ಆಗಲಿಲ್ಲ. ಹನ್ನೊಂದು ಹೆಸರನ್ನೂ ಒಂದೊಂದಾಗಿ ವಿಚಾರಿಸಿದರೆ ಹೀಗೆ ತಿಳಿಯಬಹುದು: ಐವರ ಒಪ್ಪಿಗೆ ಪತ್ರ ಮನೆಯಿಂದ ವಾಪಸು ಬಂದೇ ಇಲ್ಲ. ಮೂವರು ಆ ದಿನ ಶಾಲೆಗೆ ಬಂದಿರಲಿಲ್ಲ. ಒಬ್ಬಳಿಗೆ ಜ್ವರವಿತ್ತು, ಇನ್ನೊಮ್ಮೆ ಹಾಕೋಣ ಎಂದು ಕಳಿಸಿದರು, ಆ ಇನ್ನೊಮ್ಮೆ ಬರಲೇ ಇಲ್ಲ. ‘ನಮಗೆ ಬೇಡ’ ಎಂದು ಬರೆದು ಸಹಿ ಹಾಕಿದವರು ಇಬ್ಬರೇ. ಉಳಿದ ಒಂಬತ್ತು ಮಕ್ಕಳನ್ನು ಭಾಷಣದಿಂದ ತಲುಪಲು ಆಗುವುದಿಲ್ಲ. ಅವರಿಗೆ ಬೇಕಾದದ್ದು ಒಂದು ಫೋನ್ ಕರೆ, ಎರಡನೆಯ ಒಂದು ದಿನಾಂಕ, ಮತ್ತು ಅವರ ಹೆಸರನ್ನು ನೆನಪಿಟ್ಟುಕೊಳ್ಳುವ ಒಬ್ಬ ವ್ಯಕ್ತಿ.

ಇದು ಇಷ್ಟು ಅವಸರದ ಮಾತೇಕೆ? ವಯಸ್ಸು ಕಾಯುವುದಿಲ್ಲ, ಅದಕ್ಕೆ. ಎಚ್‌ಪಿವಿ ಎಂಬುದು, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್, 200ಕ್ಕೂ ಹೆಚ್ಚು ಬಗೆಗಳಿರುವ ವೈರಸ್ ಕುಟುಂಬ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಹತ್ತರಲ್ಲಿ ಏಳಕ್ಕೆ ಅದರ 16 ಮತ್ತು 18ನೇ ಬಗೆಗಳೇ ಕಾರಣ. 2022ರಲ್ಲಿ ಜಗತ್ತಿನಲ್ಲಿ ಸುಮಾರು 6,60,000 ಹೆಣ್ಣುಮಕ್ಕಳಲ್ಲಿ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, ಸುಮಾರು 3,50,000 ಮಂದಿ ಸತ್ತರು. ಲಸಿಕೆಯಲ್ಲಿ ಇರುವುದು ವೈರಸ್ಸಿನ ಹೊರಕವಚದ ಪ್ರೋಟೀನ್ ಮಾತ್ರ. ಒಳಗೆ ವಂಶವಾಹಿ ಇಲ್ಲ, ಆದ್ದರಿಂದ ಅದರಿಂದ ಸೋಂಕು ತಗುಲುವ ಪ್ರಶ್ನೆಯೇ ಇಲ್ಲ. ಆದರೆ ಅದು ಮುಂದೆ ಬರಬಹುದಾದ ಸೋಂಕನ್ನು ತಡೆಯುತ್ತದೆಯೇ ಹೊರತು ಈಗಾಗಲೇ ಹೊಕ್ಕಿರುವ ವೈರಸ್ಸನ್ನು ಓಡಿಸುವುದಿಲ್ಲ. ಈ ವೈರಸ್ ಹರಡುವ ದಾರಿಯಾದ ಲೈಂಗಿಕ ಸಂಪರ್ಕ ಶುರುವಾಗುವ ಎಷ್ಟೋ ಮೊದಲೇ ಕೊಡಬೇಕು ಎನ್ನುವುದು ಅದಕ್ಕೇ. ಜೊತೆಗೆ 9ರಿಂದ 14ರ ವಯಸ್ಸಿನ ದೇಹ ಈ ಲಸಿಕೆಗೆ ದೊಡ್ಡವರಿಗಿಂತ ಹೆಚ್ಚು ಪ್ರತಿಕಾಯಗಳನ್ನು (ಸೋಂಕಿನ ವಿರುದ್ಧ ಹೋರಾಡುವ ಪ್ರೋಟೀನುಗಳನ್ನು) ತಯಾರಿಸುತ್ತದೆ.

ತಡವಾದರೆ ಎಷ್ಟು ನಷ್ಟ ಎಂಬುದಕ್ಕೆ 2021ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಂಕಿಅಂಶಗಳೇ ಸಾಕು. 12-13ರ ವಯಸ್ಸಿನಲ್ಲಿ ಲಸಿಕೆಯ ಅವಕಾಶ ಸಿಕ್ಕವರಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇ 87ರಷ್ಟು ಇಳಿಯಿತು. 14ರಿಂದ 16ರ ನಡುವೆ ಸಿಕ್ಕವರಲ್ಲಿ ಶೇ 62. 16ರಿಂದ 18ರಲ್ಲಿ ಸಿಕ್ಕವರಲ್ಲಿ ಶೇ 34. ಮದ್ದು ಅದೇ, ತೋಳು ಅದೇ, ಬದಲಾದದ್ದು ವರ್ಷ ಮಾತ್ರ. ಸ್ಕಾಟ್ಲೆಂಡಿನಲ್ಲಿ 12 ಅಥವಾ 13ನೇ ವಯಸ್ಸಿನಲ್ಲಿ ಹಾಕಿಸಿಕೊಂಡ ಹೆಣ್ಣುಮಕ್ಕಳಲ್ಲಿ ಹರಡುವ ಹಂತದ ಗರ್ಭಕಂಠದ ಕ್ಯಾನ್ಸರ್‌ನ ಒಂದೇ ಒಂದು ಪ್ರಕರಣವೂ ಕಂಡುಬಂದಿಲ್ಲ ಎಂದು 2024ರಲ್ಲಿ ವರದಿಯಾಯಿತು. ‘ಈ ವರ್ಷ ತಪ್ಪಿದರೆ ಮುಂದಿನ ವರ್ಷ ನೋಡೋಣ’ ಎಂದು ಹೇಳುವಾಗಲೆಲ್ಲ ಆ ಮೂರು ಸಂಖ್ಯೆಗಳು ಕಣ್ಣಮುಂದೆ ಇರಲಿ.

ಇನ್ನು ಕೆಲಸದ ಮಾತು. ಎಲ್ಲಕ್ಕಿಂತ ಹೆಚ್ಚು ಮಕ್ಕಳು ಜಾರಿಹೋಗುವ ಜಾಗ ಒಪ್ಪಿಗೆ ಪತ್ರ.

ಆ ಪತ್ರದ ಪ್ರಯಾಣವನ್ನು ಒಮ್ಮೆ ಹಿಂಬಾಲಿಸಿ. ತರಗತಿಯ ಕೊನೆಯ ಐದು ನಿಮಿಷದಲ್ಲಿ ಅದನ್ನು ಹಂಚುತ್ತಾರೆ. ಹುಡುಗಿ ಅದನ್ನು ಎರಡು ಮಡಿಕೆ ಮಾಡಿ ಪುಸ್ತಕದ ನಡುವೆ ತೂರಿಸುತ್ತಾಳೆ. ಆ ಪುಸ್ತಕ ಮತ್ತೆ ಹೊರಬರುವುದು ಅದೇ ಪಾಠದ ದಿನ. ಅಷ್ಟರಲ್ಲಿ ಪತ್ರ ಬ್ಯಾಗಿನ ತಳಕ್ಕೆ ಇಳಿದು, ನೀರಿನ ಬಾಟಲಿಯ ತೇವಕ್ಕೆ ಅಂಚು ಮೆತ್ತಗಾಗಿ, ಮೇಲಿನ ದಿನಾಂಕ ಅಳಿಸಿರುತ್ತದೆ. ಅದು ಅಪ್ಪ ಅಮ್ಮನ ಕೈಗೆ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ನಾಲ್ಕು ಪುಟ, ಸಣ್ಣ ಅಕ್ಷರ, ಮನೆಯಲ್ಲಿ ಆಡುವ ಭಾಷೆ ಬೇರೆ. ಎರಡನೇ ಪುಟದಲ್ಲಿ ಅಡ್ಡಪರಿಣಾಮಗಳ ಉದ್ದನೆಯ ಪಟ್ಟಿ. ಓದಿದವರಿಗೆ ಒಂದು ಅನುಮಾನ ಹುಟ್ಟುತ್ತದೆ, ಕೇಳಲು ಯಾರೂ ಇಲ್ಲ. ಪತ್ರದಲ್ಲಿ ಇರುವುದು ಎರಡೇ ಚೌಕ: ಒಪ್ಪಿದೆ, ಒಪ್ಪುವುದಿಲ್ಲ. ಅನುಮಾನ ಇರುವವರು ಎರಡಕ್ಕೂ ಗುರುತು ಹಾಕದೆ ಪತ್ರವನ್ನು ಪಕ್ಕಕ್ಕೆ ಇಡುತ್ತಾರೆ. ಮೌನ ಹುಟ್ಟುವುದು ಹೀಗೆ. ಆ ಮೌನವನ್ನೇ ವ್ಯವಸ್ಥೆ ನಿರಾಕರಣೆ ಎಂದು ಎಣಿಸುತ್ತದೆ.

ಆದ್ದರಿಂದ ಪತ್ರ ಒಂದೇ ಹಾಳೆಯಲ್ಲಿ ಮುಗಿಯಲಿ. ಮುಂಭಾಗದಲ್ಲಿ ನಾಲ್ಕೈದು ವಾಕ್ಯ: ಇದು ಕ್ಯಾನ್ಸರ್ ತಡೆಯುವ ಲಸಿಕೆ, ಯಾವ ದಿನ ಹಾಕುತ್ತೇವೆ, ತೋಳಿಗೆ ಹಾಕುತ್ತೇವೆ, ನೋವು ಊತ ಒಂದೆರಡು ದಿನ ಇರಬಹುದು, ಯಾರನ್ನು ಕೇಳಬೇಕು. ಹಿಂಭಾಗದಲ್ಲಿ ಆರೋಗ್ಯದ ಐದು ಪ್ರಶ್ನೆ: ಈ ಹಿಂದೆ ಎಚ್‌ಪಿವಿ ಲಸಿಕೆ ಆಗಿದೆಯೇ, ಯಾವುದಾದರೂ ಲಸಿಕೆಗೆ ಅಥವಾ ಯೀಸ್ಟ್‌ಗೆ ತೀವ್ರ ಅಲರ್ಜಿ ಆಗಿತ್ತೇ, ರಕ್ತ ಹೆಪ್ಪುಗಟ್ಟದ ತೊಂದರೆ ಇದೆಯೇ, ರೋಗನಿರೋಧಕ ಶಕ್ತಿ ಕುಗ್ಗಿಸುವ ಕಾಯಿಲೆ ಅಥವಾ ಔಷಧ ಇದೆಯೇ, ಚುಚ್ಚುಮದ್ದು ಕಂಡರೆ ತಲೆಸುತ್ತು ಬರುತ್ತದೆಯೇ. ಕೆಳಗೆ ಮೂರು ಚೌಕಗಳಿರಲಿ. ಮೂರನೆಯದು: ‘ನಿರ್ಧರಿಸುವ ಮೊದಲು ಯಾರೊಂದಿಗಾದರೂ ಮಾತನಾಡಬೇಕು’. ಇದು ಸಣ್ಣ ಬದಲಾವಣೆ ಎನಿಸಬಹುದು. ಆದರೆ ನಮ್ಮ ಮಟ್ಟಿಗೆ ಇಡೀ ಹಾಳೆಯಲ್ಲಿ ಹೆಚ್ಚು ಬೆಲೆಬಾಳುವುದು ಅದೇ ಚೌಕ. ಅದಕ್ಕೆ ಗುರುತು ಹಾಕಿದವರಿಗೆ ನರ್ಸ್ ಒಬ್ಬರು ಅದೇ ವಾರದಲ್ಲಿ ಫೋನ್ ಮಾಡಬೇಕು. ಅವರು ಕೇಳುವ ಪ್ರಶ್ನೆಗಳು ಹೆಚ್ಚೆಂದರೆ ಐದಾರು, ಅವಕ್ಕೆಲ್ಲ ಉತ್ತರವಿದೆ.

ಪತ್ರ ಲಸಿಕೆಯ ದಿನಕ್ಕೆ ನಾಲ್ಕು ವಾರ ಮೊದಲು ಹೋಗಲಿ. ಹತ್ತು ದಿನಕ್ಕೆ ಒಮ್ಮೆ ಎಣಿಸಿ, ಬಾರದವರಿಗೆ ಇನ್ನೊಂದು ಪ್ರತಿ ಕಳಿಸಿ. ‘ಮೊದಲು ಕೊಟ್ಟಿದ್ದನ್ನು ತಾ’ ಎಂದು ಮಗುವನ್ನು ಗದರಬೇಡಿ. ಪತ್ರ ಕಳೆದುಕೊಂಡ ಮಗು ಗದರಿಕೆಗೆ ಹೆದರಿ ‘ಅಮ್ಮ ಬೇಡ ಅಂದರು’ ಎಂದುಬಿಟ್ಟರೆ ಆ ಸುಳ್ಳು ದಾಖಲೆ ಸೇರುತ್ತದೆ. ಮೂರು ದಿನ ಉಳಿದಿರುವಾಗ ಬಾಕಿ ಇರುವ ಮನೆಗಳಿಗೆ ನೇರ ಫೋನ್. ನಿಯಮ ಒಪ್ಪುವ ಕಡೆ ಫೋನಿನಲ್ಲೇ ಮೌಖಿಕ ಒಪ್ಪಿಗೆ ಪಡೆಯಬಹುದು. ಇಬ್ಬರು ಸಿಬ್ಬಂದಿ ಕೇಳಿಸಿಕೊಂಡು, ಮಾತನಾಡಿದವರು ಯಾರು, ಎಷ್ಟು ಗಂಟೆಗೆ, ಆರೋಗ್ಯದ ಐದು ಪ್ರಶ್ನೆಗಳಿಗೆ ಏನು ಉತ್ತರ ಎಂದು ಬರೆದು ಇಬ್ಬರೂ ಸಹಿ ಹಾಕಬೇಕು. ಪತ್ರವನ್ನು ಮೊಬೈಲಿನಲ್ಲಿ ತುಂಬುವ ಏರ್ಪಾಡು ಇದ್ದರೂ ಕಾಗದ ನಿಲ್ಲಿಸಬೇಡಿ. ಶಾಲೆಯ ಬಳಿ ಇರುವ ನಂಬರು ಹಳೆಯದಾದರೆ ಆ ಸಂದೇಶ ಯಾರಿಗೂ ತಲುಪದೆ ಹೋಗುತ್ತದೆ, ಅದು ನಿಮಗೆ ತಿಳಿಯುವುದೂ ಇಲ್ಲ.

ಎರಡನೆಯ ಜಾಗ ಲಸಿಕೆಯ ದಿನ. ದಿನಾಂಕ ಗೊತ್ತುಮಾಡುವ ಮೊದಲು ಶಾಲೆಯ ಕ್ಯಾಲೆಂಡರ್ ತೆರೆದು ನೋಡಿ: ಪರೀಕ್ಷೆ, ಪ್ರವಾಸ, ಕ್ರೀಡಾಕೂಟದ ಹಿಂದುಮುಂದಿನ ದಿನ ಬೇಡ. ಉದ್ದ ರಜೆಗೆ ಹೊಂದಿಕೊಂಡ ದಿನವೂ ಬೇಡ, ಅಂದು ಹಾಜರಿ ತಾನಾಗಿಯೇ ತೆಳ್ಳಗಿರುತ್ತದೆ. ಎರಡನೆಯ ದಿನಾಂಕವನ್ನು ಮೊದಲನೆಯದರ ಜೊತೆಗೇ ನಿಗದಿಮಾಡಿ, ಪತ್ರದಲ್ಲೇ ಅಚ್ಚುಮಾಡಿಸಿ. ಎರಡು ಮೂರು ವಾರದ ಅಂತರ ಸಾಕು. ‘ತಪ್ಪಿದವರಿಗೆ ಆಮೇಲೆ ತಿಳಿಸಲಾಗುವುದು’ ಎಂಬ ಸಾಲಿನಷ್ಟು ಮಕ್ಕಳನ್ನು ಕಳೆದುಕೊಂಡ ಸಾಲು ಇನ್ನೊಂದಿಲ್ಲ ಎಂದೇ ನಮ್ಮ ನಂಬಿಕೆ.

ಕೋಣೆಯ ವಿನ್ಯಾಸಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಬಹಳ ಇದೆ. ಹದಿಹರೆಯದವರಲ್ಲಿ ಯಾವ ಚುಚ್ಚುಮದ್ದಿಗೂ ಬವಳಿ ಬರುವುದು ಸಾಮಾನ್ಯ. ಆತಂಕಕ್ಕೆ ನಾಡಿ ನಿಧಾನವಾಗಿ ರಕ್ತದೊತ್ತಡ ಕುಸಿಯುತ್ತದೆ, ಮಗು ಬೆಳ್ಳಗಾಗಿ ಬೆವತು ಕುಸಿಯುತ್ತದೆ, ಮಲಗಿಸಿ ಕಾಲು ಎತ್ತಿದರೆ ಒಂದೆರಡು ನಿಮಿಷದಲ್ಲಿ ಎಚ್ಚರ. ವೈದ್ಯಕೀಯವಾಗಿ ಇದು ಸಣ್ಣದು. ಆದರೆ ಸರದಿಯಲ್ಲಿ ನಿಂತ ಮೂವತ್ತು ಮಕ್ಕಳ ಕಣ್ಣೆದುರು ಒಬ್ಬಳು ಬಿದ್ದರೆ ಐದು ನಿಮಿಷದಲ್ಲಿ ಇನ್ನಿಬ್ಬರು ಬೀಳುತ್ತಾರೆ, ಹತ್ತು ಮಂದಿ ಅಳುತ್ತಾರೆ, ಯಾರೋ ಫೋನಿನಲ್ಲಿ ಚಿತ್ರೀಕರಿಸುತ್ತಾರೆ. ಕೊಲಂಬಿಯಾದ ಎಲ್ ಕಾರ್ಮೆನ್ ದೆ ಬೊಲಿವಾರ್ ಪಟ್ಟಣದಲ್ಲಿ 2014ರಲ್ಲಿ ಹುಡುಗಿಯರ ಗುಂಪೇ ಬವಳಿ, ಕೈಕಾಲು ಜೋಮು ಎಂದು ಆಸ್ಪತ್ರೆ ಸೇರಿದಾಗ ಆ ವಿಡಿಯೊಗಳು ದೇಶವಿಡೀ ಹರಿದಾಡಿದವು. ತನಿಖೆಯಲ್ಲಿ ಲಸಿಕೆಯ ದೋಷ ಕಾಣಲಿಲ್ಲ. ಆದರೂ ಇಡೀ ದೇಶದಲ್ಲಿ ಲಸಿಕೆ ಪಡೆಯುವವರ ಪ್ರಮಾಣ ಪಾತಾಳಕ್ಕೆ ಇಳಿಯಿತು.

ಅದಕ್ಕೇ ಸರದಿ ಕೋಣೆಯ ಹೊರಗಿರಲಿ. ಒಳಗೆ ಒಮ್ಮೆಗೆ ಇಬ್ಬರು ಮೂವರು ಸಾಕು, ಚುಚ್ಚುವ ಕುರ್ಚಿ ಬಾಗಿಲಿಗೆ ಬೆನ್ನು ಹಾಕಿರಲಿ, ಸಿರಿಂಜಿನ ತಟ್ಟೆ ಮಗುವಿನ ಕಣ್ಣಿಗೆ ಬೀಳದ ಕಡೆ ಇರಲಿ. ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ. ಹಸಿದ ಹೊಟ್ಟೆಯಲ್ಲಿ ಯಾರನ್ನೂ ನಿಲ್ಲಿಸಬೇಡಿ, ಕಾಯುವಾಗ ಕುಡಿಯಲು ನೀರು ಕೊಡಿ. ಹೆದರಿದವರನ್ನು ‘ಕೊನೆಗೆ ಬಾ’ ಎಂದು ಕಳಿಸುವುದು ದೊಡ್ಡ ತಪ್ಪು, ಕಾದಷ್ಟೂ ಹೆದರಿಕೆ ಬಲಿಯುತ್ತದೆ. ಅವರನ್ನು ಮೊದಲೇ ಕರೆದು ಮಲಗಿಸಿಯೇ ಹಾಕಿ. ಹಿಂದೆ ಬವಳಿ ಬಂದವರಿಗೆ ತೊಡೆ, ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡ್ ಬಿಗಿಹಿಡಿದು ಸಡಿಲಿಸಲು ಹೇಳಿಕೊಡಿ, ರಕ್ತದೊತ್ತಡ ಬೀಳದಂತೆ ಅದು ಕಾಯುತ್ತದೆ. ಚುಚ್ಚುವ ತೋಳನ್ನು ಮಾತ್ರ ಸಡಿಲ ಬಿಡಬೇಕು. ಯಾರನ್ನೂ ಹಿಡಿದು ಬಲವಂತವಾಗಿ ಚುಚ್ಚಬೇಡಿ. ಅಂದು ಆಗದವರಿಗೆ ಬೇರೆ ದಿನ, ನಿಶ್ಶಬ್ದವಾದ ಕೋಣೆ, ಜೊತೆಗೆ ನಂಬಿಕೆಯ ಒಬ್ಬರು ಇದ್ದರೆ ಆಗುತ್ತದೆ.

ಚುಚ್ಚುವುದು 0.5 ಮಿಲಿಲೀಟರ್, ಮೇಲ್ದೋಳಿನ ಸ್ನಾಯುವಿಗೆ, ನೇರವಾಗಿ. ಆಮೇಲೆ 15 ನಿಮಿಷ ಕೂರಿಸಿಕೊಳ್ಳಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಎದ್ದು ಮೆಟ್ಟಿಲಿಳಿಯುವಾಗ ಬಿದ್ದು ತಲೆಗೆ ಪೆಟ್ಟಾಗುವುದೇ ಬವಳಿಯ ನಿಜವಾದ ಅಪಾಯ. ತೀವ್ರ ಅಲರ್ಜಿ ತೀರಾ ಅಪರೂಪ. ವಿಶ್ವ ಆರೋಗ್ಯ ಸಂಸ್ಥೆಯ ಲಸಿಕಾ ಸುರಕ್ಷತಾ ಸಮಿತಿ 2017ರಲ್ಲಿ ಕೊಟ್ಟ ಲೆಕ್ಕದಲ್ಲಿ ಅದು ಹತ್ತು ಲಕ್ಷ ಡೋಸಿಗೆ ಸುಮಾರು 1.7. ಆದರೂ ಅಂಥ ಅಲರ್ಜಿಗೆ ತಕ್ಷಣ ಕೊಡುವ ಮದ್ದಾದ ಅಡ್ರಿನಾಲಿನ್ ಕೈಗೆಟಕುವ ಮೇಜಿನ ಮೇಲಿರಬೇಕು, ಬೀಗ ಹಾಕಿದ ಕಪಾಟಿನಲ್ಲಿ ಇದ್ದರೆ ಇಲ್ಲದಂತೆಯೇ. ಬವಳಿಯಲ್ಲಿ ನಾಡಿ ನಿಧಾನ, ಚರ್ಮ ತಣ್ಣಗೆ, ಮಲಗಿಸಿದರೆ ಸುಧಾರಣೆ. ಅಲರ್ಜಿಯ ಆಘಾತದಲ್ಲಿ ನಾಡಿ ವೇಗ, ಮೈಮೇಲೆ ದದ್ದು, ತುಟಿ ಮುಖ ಊತ, ಉಸಿರಿನಲ್ಲಿ ಸಿಳ್ಳು, ಮಲಗಿಸಿದರೂ ಸುಧಾರಿಸುವುದಿಲ್ಲ. ಈ ವ್ಯತ್ಯಾಸ ತಂಡದ ಪ್ರತಿಯೊಬ್ಬರಿಗೂ ಬಾಯಿಪಾಠ ಬರಬೇಕು.

ಶೀತಲ ಸರಪಳಿಯ ಬಗ್ಗೆ, ಅಂದರೆ ಲಸಿಕೆಯನ್ನು ಚುಚ್ಚುವವರೆಗೂ ತಣ್ಣಗಿಡುವ ಏರ್ಪಾಡಿನ ಬಗ್ಗೆ, ಒಂದು ಮಾತು. ಲಸಿಕೆ ಬಿಸಿಗೆ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಇದು ಹೆಪ್ಪುಗಟ್ಟಿದರೂ ಕೆಡುತ್ತದೆ ಎಂಬುದನ್ನು ಮರೆತುಬಿಡುತ್ತಾರೆ. ಇಡಬೇಕಾದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಫ್ರೀಜರಿನಿಂದ ಆಗತಾನೇ ತೆಗೆದ ಐಸ್‌ಪ್ಯಾಕನ್ನು ನೇರವಾಗಿ ಪೆಟ್ಟಿಗೆಗೆ ಇಟ್ಟರೆ ಅದಕ್ಕೆ ಒತ್ತಿಕೊಂಡ ವಯಲ್‌ಗಳು ಹೆಪ್ಪುಗಟ್ಟುತ್ತವೆ. ಪ್ಯಾಕನ್ನು ಮೇಜಿನ ಮೇಲಿಟ್ಟು ಮೇಲ್ಮೈ ಬೆವರುವವರೆಗೆ ಕಾಯಿರಿ, ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಬೇಕು. ಆಗ ಮಾತ್ರ ಪೆಟ್ಟಿಗೆಗೆ. ಹೆಪ್ಪುಗಟ್ಟಿ ಕರಗಿದ ಲಸಿಕೆಯಲ್ಲಿ, ಅದರ ಪರಿಣಾಮ ಹೆಚ್ಚಿಸಲು ಸೇರಿಸಿರುವ ಅಲ್ಯೂಮಿನಿಯಂ ಕಣಗಳು ಗಂಟುಕಟ್ಟಿರುತ್ತವೆ. ಅಲ್ಲಾಡಿಸಿ ಇಟ್ಟರೆ ಮೋಡದಂತೆ ತೇಲುವ ಬದಲು ಬೇಗ ತಳಕ್ಕೆ ಇಳಿಯುತ್ತವೆ. ಅಂಥದ್ದನ್ನು ಎಸೆಯಬೇಕು. ಹಾಕಿದರೆ ಪಟ್ಟಿಯಲ್ಲಿ ಸರಿ ಗುರುತು ಬೀಳುತ್ತದೆ, ರಕ್ಷಣೆ ಸಿಕ್ಕಿತೆಂಬ ಭರವಸೆ ಇರುವುದಿಲ್ಲ, ಆ ಮಗುವನ್ನು ಮತ್ತೆ ಯಾರೂ ಹುಡುಕುವುದಿಲ್ಲ.

ಸುಮ್ಮನೆ ಹಿಂದಕ್ಕೆ ಕಳಿಸುವ ಮಕ್ಕಳೂ ಇದ್ದಾರೆ. ನೆಗಡಿ, ಸಣ್ಣ ಕೆಮ್ಮು ಇದ್ದರೆ ಲಸಿಕೆ ಹಾಕಬಹುದು. ಮುಟ್ಟಾಗಿದ್ದರೆ ಹಾಕಬಹುದು. ಆ್ಯಂಟಿಬಯಾಟಿಕ್ ನಡೆಯುತ್ತಿದ್ದರೂ, ಅಸ್ತಮಾ ಇದ್ದರೂ, ಫಿಟ್ಸ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಹಾಕಬಹುದು. ಅದೇ ದಿನ ಬೇರೆ ಲಸಿಕೆ ಇದ್ದರೆ ಇನ್ನೊಂದು ತೋಳಿಗೆ ಹಾಕಿದರಾಯಿತು. ಮುಂದೂಡಬೇಕಾದದ್ದು ಜೋರು ಜ್ವರವಿರುವ ಕಾಯಿಲೆ ಇದ್ದಾಗ ಮತ್ತು ಗರ್ಭಿಣಿಯಾಗಿದ್ದಾಗ. ಕೊಡಬಾರದ್ದು ಹಿಂದಿನ ಡೋಸಿಗೆ ಅಥವಾ ಲಸಿಕೆಯಲ್ಲಿರುವ ಅಂಶಕ್ಕೆ ತೀವ್ರ ಅಲರ್ಜಿ ಆದವರಿಗೆ. ಈ ಪಟ್ಟಿಯನ್ನು ಕುರ್ಚಿಯ ಪಕ್ಕದ ಗೋಡೆಗೆ ಅಂಟಿಸಿದರೆ ‘ಯಾಕೆ ಬೇಕು ರಿಸ್ಕು’ ಎಂದು ಮುಂದೂಡುವುದು ತಾನಾಗಿ ಕಡಿಮೆಯಾಗುತ್ತದೆ. ಮುಂದೂಡಿದಾಗಲೆಲ್ಲ ಎರಡನೆಯ ದಿನಾಂಕ ಬರೆದ ಚೀಟಿ ಮಗುವಿನ ಕೈಯಲ್ಲಿರಲಿ.

ಡೋಸಿನ ಲೆಕ್ಕ ಈಗ ಸರಳವಾಗಿದೆ. 2022ರ ಡಿಸೆಂಬರ್‌ನಿಂದ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20ರ ವಯಸ್ಸಿನವರಿಗೆ ಒಂದು ಅಥವಾ ಎರಡು ಡೋಸ್ ಸಾಕು ಎನ್ನುತ್ತದೆ. ಇದಕ್ಕೆ ಆಧಾರವಾದ ಅಧ್ಯಯನಗಳಲ್ಲಿ ಒಂದು ಭಾರತದ್ದು: 2010ರಲ್ಲಿ ಲಸಿಕೆ ನೀಡುವುದನ್ನು ನಡುವೆಯೇ ನಿಲ್ಲಿಸಬೇಕಾಗಿ ಬಂದಿತ್ತು, ಒಂದೇ ಡೋಸಿಗೆ ನಿಂತುಹೋದ ಸಾವಿರಾರು ಹುಡುಗಿಯರನ್ನು ಬಿಡದೆ ಹಿಂಬಾಲಿಸಿದಾಗ ಹತ್ತು ವರ್ಷದವರೆಗೂ 16 ಮತ್ತು 18ನೇ ಬಗೆಗಳ ನೆಲೆಯೂರಿದ ಸೋಂಕಿನ ವಿರುದ್ಧ ಶೇ 95ರ ಆಸುಪಾಸಿನ ರಕ್ಷಣೆ ಕಂಡಿತು. ಕೀನ್ಯಾದಲ್ಲಿ 15ರಿಂದ 20ರ ಯುವತಿಯರಲ್ಲಿ ನಡೆದ ಪ್ರಯೋಗವೂ 2022ರಲ್ಲಿ ಅದನ್ನೇ ಹೇಳಿತು. ನಿಮ್ಮ ಕಾರ್ಯಕ್ರಮದಲ್ಲಿ ಎರಡು ಡೋಸ್ ಇದ್ದರೆ ನಡುವೆ ಕನಿಷ್ಠ 6 ತಿಂಗಳು ಇರಬೇಕು. ಅದಕ್ಕಿಂತ ತಡವಾದರೆ? ಮೊದಲಿನಿಂದ ಶುರುಮಾಡುವ ಅಗತ್ಯವೇ ಇಲ್ಲ, ಉಳಿದದ್ದನ್ನು ಕೊಟ್ಟರಾಯಿತು. ‘ಎರಡು ವರ್ಷ ಆಗಿಹೋಯಿತು, ಇನ್ನೇನು ಪ್ರಯೋಜನ’ ಎಂದು ಕೈಬಿಟ್ಟ ಮನೆಗಳಿಗೆ ಈ ಮಾತು ತಲುಪಬೇಕು. ಎಚ್‌ಐವಿ ಇರುವ ಅಥವಾ ರೋಗನಿರೋಧಕ ಶಕ್ತಿ ಕುಗ್ಗಿರುವ ಮಕ್ಕಳಿಗೆ ಮಾತ್ರ ಒಂದು ಸಾಲದು. ಕನಿಷ್ಠ ಎರಡು, ಸಾಧ್ಯವಾದರೆ ಮೂರು ಕೊಡಬೇಕು. ಒಪ್ಪಿಗೆ ಪತ್ರದಲ್ಲಿ ಆ ಪ್ರಶ್ನೆ ಇಟ್ಟದ್ದು ಇದಕ್ಕೇ.

ಇನ್ನು ಶಾಲೆಯ ಪಟ್ಟಿಯಲ್ಲೇ ಇಲ್ಲದ ಮಕ್ಕಳು. ಶಾಲೆ ಬಿಟ್ಟವರು, ಮನೆಯಲ್ಲೇ ಕಲಿಯುವವರು, ಕೆಲಸಕ್ಕಾಗಿ ಊರೂರು ಸುತ್ತುವ ಕುಟುಂಬದವರು, ವಿಶೇಷ ಶಾಲೆಯವರು, ವಸತಿ ನಿಲಯಗಳಲ್ಲಿ ಇರುವವರು, ದೀರ್ಘ ಕಾಯಿಲೆಯಿಂದ ಆಸ್ಪತ್ರೆಯಲ್ಲಿ ಇರುವವರು. ಮುಂದೆ ತಪಾಸಣೆಗೂ ಚಿಕಿತ್ಸೆಗೂ ದೂರವೇ ಉಳಿಯುವ ಸಾಧ್ಯತೆ ಹೆಚ್ಚಿರುವುದು ಇವರಲ್ಲೇ ಆದ್ದರಿಂದ ಲಸಿಕೆಯ ಅಗತ್ಯ ಇವರಿಗೆ ಇತರರಿಗಿಂತ ಹೆಚ್ಚು. ಶೇಕಡಾವಾರು ಲೆಕ್ಕ ಹಾಕುವಾಗ ಶಾಲೆಗೆ ದಾಖಲಾದವರ ಸಂಖ್ಯೆಯಿಂದ ಭಾಗಿಸಿದರೆ ಇವರು ಲೆಕ್ಕದಿಂದಲೇ ಮಾಯ, ಶೇ 95 ಎಂದು ಬರೆದು ಸಮಾಧಾನಪಡಬಹುದು. ಭಾಗಿಸಬೇಕಾದ್ದು ಆ ಪ್ರದೇಶದಲ್ಲಿ ಆ ವಯಸ್ಸಿನ ಒಟ್ಟು ಮಕ್ಕಳ ಸಂಖ್ಯೆಯಿಂದ. ರುವಾಂಡಾ 2011ರಲ್ಲಿ ಶಾಲೆಗಳ ಮೂಲಕ ಈ ಲಸಿಕೆ ಶುರುಮಾಡಿದಾಗ, ಅಂದು ಗೈರಾದವರನ್ನೂ ಶಾಲೆ ಬಿಟ್ಟವರನ್ನೂ ಸಮುದಾಯದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಹುಡುಕಿದರು. ಮೊದಲ ವರ್ಷವೇ ಮೂರು ಡೋಸುಗಳೂ ಶೇ 90ಕ್ಕಿಂತ ಹೆಚ್ಚು ಹುಡುಗಿಯರಿಗೆ ತಲುಪಿದವು. ಶ್ರೀಮಂತ ದೇಶಗಳೂ ಕಲಿಯಬೇಕಾದ ಪಾಠ ಅದು.

ತರಗತಿ ಆಧರಿಸಿ ಹಾಕುವ ಕಡೆ ಇನ್ನೊಂದು ಸೋರಿಕೆ ಇದೆ. ಒಂದು ತರಗತಿಗೆ ಲಸಿಕೆ ಎಂದಾದರೆ, ಆ ವರ್ಷ ನಡುವೆ ಬೇರೆ ಶಾಲೆಯಿಂದ ಮೇಲಿನ ತರಗತಿಗೆ ಸೇರಿದ ಮಗು ಹಳೆಯ ಶಾಲೆಯಲ್ಲಿ ಹಾಕುವ ಮೊದಲೇ ಹೊರಟಿರುತ್ತದೆ, ಹೊಸ ಶಾಲೆಯಲ್ಲಿ ಆ ತರಗತಿಯ ಸರದಿ ಮುಗಿದಿರುತ್ತದೆ. ವರ್ಗಾವಣೆ ಪತ್ರದಲ್ಲಿ ಎಚ್‌ಪಿವಿ ಲಸಿಕೆಯ ದಿನಾಂಕ, ಹೆಸರು, ಬ್ಯಾಚ್ ಸಂಖ್ಯೆಗೆ ಒಂದು ಸಾಲು ಇದ್ದರೆ, ಹೊಸಬರನ್ನು ಸೇರಿಸಿಕೊಳ್ಳುವ ದಿನವೇ ಅದನ್ನು ನೋಡಿದರೆ, ಆ ಮಗು ಸಿಗುತ್ತದೆ. ಕಾರ್ಡು ಮನೆಗೆ, ಪ್ರತಿ ಶಾಲೆಗೆ, ನಮೂದು ಆರೋಗ್ಯ ಕೇಂದ್ರದ ರಿಜಿಸ್ಟರಿಗೆ: ಮೂರೂ ಕಡೆ ಇರಲಿ. ಹತ್ತು ಹದಿನೈದು ವರ್ಷದ ನಂತರ ಆಕೆ ಗರ್ಭಕಂಠದ ತಪಾಸಣೆಗೆ ಹೋದಾಗ ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. ಲಸಿಕೆ ಆದವರೂ ತಪಾಸಣೆ ಬಿಡುವಂತಿಲ್ಲ ಎಂಬುದನ್ನು ಕಾರ್ಡಿನ ಹಿಂದೆಯೇ ಬರೆದಿರಿ.

ವೈದ್ಯರಿಗೆ, ನರ್ಸ್‌ಗಳಿಗೆ: ಹದಿಹರೆಯದವರು ಆಸ್ಪತ್ರೆಗೆ ಬರುವುದೇ ಕಡಿಮೆ. ಕಾಲು ಉಳುಕಿದ್ದಕ್ಕೆ, ಮೊಡವೆಗೆ, ಆಟದ ಪ್ರಮಾಣಪತ್ರಕ್ಕೆ ಬಂದಾಗ ‘ಎಚ್‌ಪಿವಿ ಆಗಿದೆಯೇ’ ಎಂದು ಒಂದು ಸಾಲು ಕೇಳಿ. ಗೊತ್ತಿಲ್ಲ ಎಂದರೆ ರಿಜಿಸ್ಟರ್ ನೋಡಿ. ದಾಖಲೆ ಸಿಗದಿದ್ದರೆ ಆಗಿಲ್ಲವೆಂದೇ ತಿಳಿದು ಕೊಡಿ, ಹೆಚ್ಚುವರಿ ಡೋಸಿನಿಂದ ಹಾನಿಯಿಲ್ಲ. ಮತ್ತು ಕೇಳುವ ರೀತಿ ಮುಖ್ಯ. ‘ನಿಮಗೆ ಬೇಕಾ, ಯೋಚನೆ ಮಾಡಿ’ ಎಂದರೆ ವೈದ್ಯರಿಗೇ ಅನುಮಾನವಿದೆ ಎಂದು ಮನೆಯವರು ತಿಳಿಯುತ್ತಾರೆ. ‘ಇವಳಿಗೆ ಈ ವಯಸ್ಸಿನ ಕ್ಯಾನ್ಸರ್ ತಡೆ ಲಸಿಕೆ ಬಾಕಿ ಇದೆ, ಇವತ್ತೇ ಹಾಕೋಣ, ಏನಾದರೂ ಕೇಳುವುದಿದೆಯೇ’ ಎಂದರೆ ಮಾತು ಬೇರೆ. 15, 16, 17 ದಾಟಿದವರಿಗೆ ‘ನಿಮ್ಮ ಕಾಲ ಮುಗಿಯಿತು’ ಎನ್ನಬೇಡಿ. ರಕ್ಷಣೆ ಕಡಿಮೆಯಾದರೂ ಶೇ 34 ಸೊನ್ನೆಯಲ್ಲ. ಇಂಗ್ಲೆಂಡಿನಲ್ಲಿ ಶಾಲೆಯಲ್ಲಿ ತಪ್ಪಿಸಿಕೊಂಡ ಹುಡುಗಿಯರಿಗೆ 25 ತುಂಬುವವರೆಗೂ ಬಾಗಿಲು ತೆರೆದಿದೆ.

ಗಂಡುಮಕ್ಕಳ ವಿಷಯವನ್ನೂ ಬಿಡುವಂತಿಲ್ಲ. ಗಂಟಲು, ಗುದದ್ವಾರ, ಶಿಶ್ನದ ಕೆಲವು ಕ್ಯಾನ್ಸರ್‌ಗಳಿಗೂ ಇದೇ ವೈರಸ್ ಕಾರಣ. ಆಸ್ಟ್ರೇಲಿಯಾ 2013ರಿಂದಲೇ ಹುಡುಗರಿಗೂ ಹಾಕುತ್ತಿದೆ. ಲಸಿಕೆಯ ಪೂರೈಕೆ ಕಡಿಮೆ ಇರುವ ಕಡೆ ಮೊದಲ ಆದ್ಯತೆ ಹುಡುಗಿಯರಿಗೇ ಸಲ್ಲಬೇಕು, ಅದರಲ್ಲಿ ನಮಗೆ ಎರಡನೇ ಮಾತಿಲ್ಲ. ಹುಡುಗರಿಗೂ ಅವಕಾಶವಿರುವ ಕಡೆ ಪತ್ರದ ತಲೆಬರಹದಲ್ಲಿ ‘ಹೆಣ್ಣುಮಕ್ಕಳ ಲಸಿಕೆ’ ಎಂದು ಅಚ್ಚಾಗಿದ್ದರೆ ಹುಡುಗರು ಅದನ್ನು ಮನೆಗೇ ಒಯ್ಯುವುದಿಲ್ಲ.

ಮನೆಯವರಿಗೆ ಎರಡು ಮಾತು. ‘ಇಷ್ಟು ಚಿಕ್ಕವಳಿಗೆ ಇದೆಲ್ಲ ಯಾಕೆ’ ಎಂಬ ಪ್ರಶ್ನೆ ಸಹಜ. ಮಗುವಿನ ನಡತೆಯ ಬಗ್ಗೆ ಈ ಲಸಿಕೆ ಏನನ್ನೂ ಹೇಳುವುದಿಲ್ಲ. ಮಳೆಗಾಲಕ್ಕೆ ಮೊದಲೇ ಸೂರು ಸರಿಮಾಡಿದಂತೆ ಅಷ್ಟೇ. ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತನ್ನು ಅನೇಕ ದೇಶಗಳಲ್ಲಿ ಪರಿಶೀಲಿಸಿದ್ದಾರೆ, ಅದಕ್ಕೆ ಆಧಾರ ಸಿಕ್ಕಿಲ್ಲ. ಗರ್ಭಕಂಠದ ಕ್ಯಾನ್ಸರ್‌ನ ಚಿಕಿತ್ಸೆಯೇ ಎಷ್ಟೋ ಹೆಣ್ಣುಮಕ್ಕಳಿಂದ ತಾಯಿಯಾಗುವ ಅವಕಾಶ ಕಿತ್ತುಕೊಳ್ಳುತ್ತದೆ. ವದಂತಿಗೆ ಬೆಲೆ ತೆರುವವರು ಯಾರು ಎಂಬುದಕ್ಕೆ ಜಪಾನ್ ಸಾಕ್ಷಿ. 2013ರ ಜೂನ್‌ನಲ್ಲಿ, ದೃಢಪಡದ ದೂರುಗಳ ಗದ್ದಲದ ನಡುವೆ, ಸರ್ಕಾರ ಈ ಲಸಿಕೆಯನ್ನು ಮುಂದಾಗಿ ಶಿಫಾರಸು ಮಾಡುವುದನ್ನು ನಿಲ್ಲಿಸಿತು. ಸುಮಾರು ಶೇ 70 ಇದ್ದ ಪ್ರಮಾಣ ಶೇ 1ಕ್ಕಿಂತ ಕೆಳಗಿಳಿಯಿತು. ಶಿಫಾರಸು ಮತ್ತೆ ಶುರುವಾದದ್ದು 2022ರ ಏಪ್ರಿಲ್‌ನಲ್ಲಿ. ನಡುವಿನ ಸುಮಾರು ಒಂಬತ್ತು ವರ್ಷ 12, 13ರ ವಯಸ್ಸು ದಾಟಿದ ಹುಡುಗಿಯರಿಗೆ ಆ ವಯಸ್ಸು ಮತ್ತೆ ಬರಲಿಲ್ಲ.

ಅಧಿಕಾರಿಗಳಲ್ಲಿ ನಮ್ಮ ಕೋರಿಕೆ ಇಷ್ಟು. ಮುಂದಿನ ಸುತ್ತಿನ ಪಟ್ಟಿ ಅಚ್ಚಿಗೆ ಹೋಗುವ ಮೊದಲು ಅದರಲ್ಲಿ ಐದು ಅಂಕಣ ಮಾಡಿಸಿ: ಹಾಕಿದೆ, ಬೇಡ ಎಂದು ಬರೆದುಕೊಟ್ಟರು, ಪತ್ರ ಬಂದಿಲ್ಲ, ಗೈರು, ಮುಂದೂಡಿದೆ. ಯಾವ ಹೆಸರಿನ ಮುಂದೆಯೂ ಐದೂ ಖಾಲಿ ಇರಬಾರದು. ‘ಬೇಡ ಎಂದು ಬರೆದುಕೊಟ್ಟರು’ ಎಂಬುದಕ್ಕೆ ಸಹಿ ಮಾಡಿದ ಕಾಗದ ಇದ್ದರೆ ಮಾತ್ರ ಗುರುತು. ಕೊನೆಯ ಮೂರು ಅಂಕಣಗಳಲ್ಲಿರುವ ಹೆಸರುಗಳನ್ನು ಏಳು ದಿನದೊಳಗೆ ಒಬ್ಬ ನಿರ್ದಿಷ್ಟ ವ್ಯಕ್ತಿಗೆ ವಹಿಸಿ, ಆ ವ್ಯಕ್ತಿಯ ಸಮಯಕ್ಕೆ, ಫೋನಿಗೆ, ಓಡಾಟಕ್ಕೆ ಹಣ ಮೀಸಲಿಡಿ. ಎರಡನೆಯ ದಿನದ ನಂತರವೂ ಉಳಿದ ಹೆಸರುಗಳು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಲಿ, ಮರುವರ್ಷ ಶಾಲೆಗೆ ತಂಡ ಬಂದಾಗ ಹೊಸ ತರಗತಿಗಿಂತ ಮೊದಲು ಹಳೆಯ ಪಟ್ಟಿ ತೆರೆಯಲಿ. ಶಾಲಾ ಮುಖ್ಯಸ್ಥರು ಈ ವಾರವೇ ಮಾಡಬಹುದಾದದ್ದು ಒಂದಿದೆ: ಕಳೆದ ಸಲದ ಪಟ್ಟಿ ತರಿಸಿಕೊಂಡು, ಸರಿ ಗುರುತಿಲ್ಲದ ಹೆಸರುಗಳನ್ನು ಬೇರೆ ಹಾಳೆಗೆ ಬರೆದು, ಪ್ರತಿ ಮನೆಗೂ ಒಂದು ಕರೆ ಮಾಡಿಸಿ ಏನಾಯಿತೆಂದು ಕೇಳುವುದು.

ಇಂತಿ,
ಹದಿಹರೆಯದ ಮಕ್ಕಳ ಲಸಿಕೆಯ ಕೆಲಸದಲ್ಲಿ ತೊಡಗಿರುವವರು